ಮುಖಪುಟ ಇಲ್ಲದ ಕ್ಯಾಸೆಟ್ಟುಗಳು

ಹೋದ ದೀಪಾವಳಿ ರಜೆಗೆ ತೊಗರ್ಸಿಗೆ ಹೋಗಿದ್ದೆ. ದೊಡ್ಡಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ, ಹಾಗಾಗಿ ಮನೆಯಲ್ಲಿ ಹಬ್ಬ ಇರಲಿಲ್ಲ. ಸುಮ್ಮನೆ ಕೂರೋದಕ್ಕಿಂತ ಅಟ್ಟ ಗುಡಿಸೋಣ ಅಂತ ಅಣ್ಣ (ದೊಡ್ಡಪ್ಪನ ಮಗ) ಏಣಿ ಇಟ್ಟ. ಜೇಡರ ಬಲೆ, ತುಕ್ಕು ಹಿಡಿದ ಸಾಲ್ಡರಿಂಗ್ ಕಡ್ಡಿ, ಪಿಕ್ಚರ್ ಟ್ಯೂಬಿನ ಖಾಲಿ ರಟ್ಟಿನ ಪೆಟ್ಟಿಗೆ, ಇವೆಲ್ಲದರ ಹಿಂದೆ ಒಂದು ಬಿಸ್ಕೆಟ್ ಡಬ್ಬ. ಮುಚ್ಚಳ ತೆಗೆದರೆ ಟಿ.ವಿ. ಗೇಮಿನ ಕ್ಯಾಸೆಟ್ಟುಗಳು! ಎಣಿಸಿದರೆ ಹನ್ನೊಂದು.

ದೊಡ್ಡಪ್ಪ ಶಿರಾಳಕೊಪ್ಪದಲ್ಲಿ ರೇಡಿಯೋ, ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದರು. ಬೇಸಿಗೆ ರಜೆ ಬಂದರೆ ಈ ಕ್ಯಾಸೆಟ್ಟುಗಳನ್ನು ದಿನಕ್ಕೆ ಐದು ರೂಪಾಯಿಯಂತೆ ಬಾಡಿಗೆಗೆ ಕೊಡುತ್ತಿದ್ದರು. ನಾನಾಗ ಪ್ರೈಮರಿ ಸ್ಕೂಲು. ಸಂಬಂಧಿಕರ ಹುಡುಗ ಅಂತ ನನಗೆ ಬಾಡಿಗೆ ಮಾಫಿ, ಆದರೆ ಬಾಡಿಗೆಗೆ ಹೋಗದೆ ಉಳಿದದ್ದು ಮಾತ್ರ ನನಗೆ :-)

"ಇವನ್ನೆಲ್ಲ ನಿನ್ನ ಲ್ಯಾಪ್‌ಟಾಪಿಗೆ ಹಾಕಿ ಕೊಡೋ, ನಮ್ಮ ಹುಡುಗ್ರಿಗೆ ತೋರಿಸ್ಬೇಕು" ಅಂದ ಅಣ್ಣ. ಬೆಂಗಳೂರಿಗೆ ತಂದೆ. ಕ್ಯಾಸೆಟ್ಟಿನ ಒಳಗಿರುವುದನ್ನು ಓದಿ ಫೈಲು ಮಾಡುವ ಸಣ್ಣ ಸಾಧನವೊಂದು ಸಹೋದ್ಯೋಗಿಯ ಹತ್ತಿರ ಇತ್ತು. ಒಂದು ಶನಿವಾರ ಪೂರ್ತಿ ಕೂತು ಹನ್ನೊಂದನ್ನೂ ಓದಿಸಿದ್ದಾಯ್ತು. ಇನ್ನು ಉಳಿದದ್ದು ಅಲಂಕಾರ. ಈಗಿನ ಯಾವ ಗೇಮ್ ಲೈಬ್ರರಿ ತೆರೆದರೂ ಹೆಸರಿನ ಪಕ್ಕ ಚಂದದ ಮುಖಪುಟ ಇರುತ್ತದಲ್ಲ, ಹಾಗೇ ಇರಲಿ ಅಂತ ಆಸೆ. ಒಂದೊಂದನ್ನೇ ಹುಡುಕಿ ಇಳಿಸುವ ತಾಳ್ಮೆ ನನಗಿಲ್ಲ. ಕಮಾಂಡ್ ಲೈನಿನಲ್ಲಿ ಓಡುವ ನೂರು ಸಾಲಿನ ಒಂದು ಟೂಲ್ ಬರೆದೆ. ಗೇಮುಗಳಿರುವ ಫೋಲ್ಡರ್ ತೋರಿಸಿ ಎಂಟರ್ ಒತ್ತಿದರೆ ಎಲ್ಲದರ ಮುಖಪುಟವನ್ನೂ ಅದೇ ತಂದು ಹಾಕಬೇಕು.

ಒತ್ತಿದೆ. ಹನ್ನೊಂದಕ್ಕೆ ಹನ್ನೊಂದೂ ಬೂದು ಬಣ್ಣದ ಖಾಲಿ ಚೌಕ!

ಯಾಕೆ ಹೀಗಾಯ್ತು ಅಂತ ಹುಡುಕಿಕೊಂಡು ಹೊರಟವನಿಗೆ ಒಂದು ಉದ್ದನೆಯ ಚರಿತ್ರೆಯೇ ಸಿಕ್ಕಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

*

ಮೊದಲು, ಗೇಮಿಗೆ ಮುಖಪುಟ ಯಾಕೆ ಬೇಕಾಯ್ತು?

1977ರಲ್ಲಿ ಅಮೆರಿಕದಲ್ಲಿ ಅಟಾರಿ ಕಂಪನಿ ತನ್ನ ಮನೆಬಳಕೆಯ ಗೇಮ್ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಮುಂದೆ ಅಟಾರಿ 2600 ಅಂತ ಹೆಸರಾದದ್ದು ಅದೇ. ಪರದೆಯ ಮೇಲೆ ಅದು ತೋರಿಸುತ್ತಿದ್ದದ್ದು ಕೆಲವು ದಪ್ಪ ದಪ್ಪ ಚೌಕಗಳನ್ನಷ್ಟೇ. ಇದು ಟ್ಯಾಂಕು, ಇದು ವಿಮಾನ ಅಂತ ನಾವೇ ಅಂದುಕೊಳ್ಳಬೇಕು. ಅಂಗಡಿಯ ಕಪಾಟಿನಲ್ಲಿ ಆ ಚೌಕಗಳನ್ನು ತೋರಿಸಿ ಮಾರೋದು ಕಷ್ಟ. ಅದಕ್ಕೆ ಕ್ಲಿಫ್ ಸ್ಪಾನ್‌ನಂಥ ಕಲಾವಿದರ ಹತ್ತಿರ ಡಬ್ಬದ ಮೇಲೆ ಬಣ್ಣದ ಚಿತ್ರ ಬರೆಸಿದರು. ಡಬ್ಬದ ಮೇಲೆ ಬೆಂಕಿ ಉಗುಳುವ ಟ್ಯಾಂಕು, ಒಳಗೆ ನಾಲ್ಕು ಚೌಕ. ಚೌಕಕ್ಕೂ ಟ್ಯಾಂಕಿಗೂ ನಡುವಿನ ಜಾಗವನ್ನು ಆಡುವವನ ಕಲ್ಪನೆ ತುಂಬುತ್ತಿತ್ತು.

ಹಾಗಾಗಿ ಗೇಮಿನ ಮುಖಪುಟ ಅಂದರೆ ಆ ಡಬ್ಬ. ಈಗಿನ ಲೈಬ್ರರಿಗಳಲ್ಲಿ ಕಾಣುವ ಹಳೇ ಗೇಮುಗಳ ಚಿತ್ರಗಳೆಲ್ಲ ಯಾರೋ ತಮ್ಮ ಮನೆಯಲ್ಲಿ ಉಳಿದ ಡಬ್ಬವನ್ನು ಸ್ಕ್ಯಾನ್ ಮಾಡಿ ಹಾಕಿದವು. 1999ರಲ್ಲಿ ಶುರುವಾದ ಮೋಬಿಗೇಮ್ಸ್‌ನಂಥ ದತ್ತಸಂಚಯಗಳು ಬೆಳೆದದ್ದೇ ಇಂಥ ಹವ್ಯಾಸಿಗಳಿಂದ.

ಈಗ ನಮ್ಮ ಕಡೆ ಬನ್ನಿ. ಶಿರಾಳಕೊಪ್ಪದ ಅಂಗಡಿಯಲ್ಲಿ ನಾವು ಡಬ್ಬವನ್ನು ನೋಡಿದ್ದೇ ಇಲ್ಲ. ಕ್ಯಾಸೆಟ್ಟುಗಳು ಪ್ಲಾಸ್ಟಿಕ್ ಕವರಿನಲ್ಲಿ ಗುಟ್ಕಾ ಸರದ ಹಾಗೆ ನೇತಾಡುತ್ತಿದ್ದವು. ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲುಗಳು ನಮ್ಮ ಟಿ.ವಿ. ಗೇಮುಗಳು. ಕ್ಯಾಸೆಟ್ಟಿಗೆ ಅದೇ ಅರವತ್ತು ಪಿನ್ನು. ಬಿಚ್ಚಿದರೆ ಒಳಗೆ ಸರಿಯಾದ ಚಿಪ್ಪಿನ ಬದಲು ಬೋರ್ಡಿನ ಮೇಲೆ ಹುಣಸೆಬೀಜದಂಥ ಒಂದು ಕಪ್ಪು ಬೊಟ್ಟು, ಅಷ್ಟೇ. ಲೇಬಲ್ಲಿನ ಮೇಲೆ 64 ಗೇಮ್ ಅಂತ ಇರುತ್ತಿತ್ತು, ಒಳಗೆ ಎಂಟೇ ಇದ್ದು ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಲೇಬಲ್ಲಿನ ಚಿತ್ರದಲ್ಲಿ ಇದ್ದವನು ಒಳಗೆ ಯಾವ ಗೇಮಿನಲ್ಲೂ ಸಿಗುತ್ತಿರಲಿಲ್ಲ! ನಿಮಗೂ ನೆನಪಿರಬೇಕು.

ಇನ್ನು ಶಾಲೆಯ ಗಣಕದ ಗೇಮಿಗಂತೂ ಚಿತ್ರವೂ ಇಲ್ಲ. ಕಂಪ್ಯೂಟರ್ ಕ್ಲಾಸಿನಲ್ಲಿ ಕರಿ ಪರದೆಯ ಮೇಲೆ ಡೇವ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಡೇಂಜರಸ್ ಡೇವ್ ಶುರು. ಜಾನ್ ರೊಮೆರೋ 1988ರಲ್ಲಿ ಬರೆದ ಆ ಗೇಮಿನ ಡಬ್ಬ ಹೇಗಿತ್ತು ಅಂತ ನನಗೆ ಇವತ್ತಿಗೂ ನೆನಪಿಗೆ ಬರಲ್ಲ, ನೋಡಿದ್ದರೆ ತಾನೇ! ನನ್ನ ಪೀಳಿಗೆಯ ಮಲೆನಾಡಿನ ಹುಡುಗರಿಗೆ ಗೇಮು ಅಂದರೆ ಒಂದು ಹೆಸರು, ಅಷ್ಟೇ.

*

ಎರಡನೇ ಪ್ರಶ್ನೆ, ಚಿತ್ರ ತರುವವರು ಯಾರು?

ಕಮಾಂಡ್ ಲೈನಿನಿಂದ ಫೈಲು ತರುವ ಎರಡು ಪ್ರಸಿದ್ಧ ತಂತ್ರಾಂಶಗಳು ಹೆಚ್ಚುಕಮ್ಮಿ ಒಂದೇ ಕಾಲದಲ್ಲಿ ಹುಟ್ಟಿದವು. ಕ್ರೊಯೇಷಿಯಾದ ಹರ್ವೊಯೆ ನಿಕ್ಷಿಚ್ ಬರೆದ ಡಬ್ಲ್ಯುಗೆಟ್ 1996ರದ್ದು. ಅದೇ ವರ್ಷ ಬ್ರೆಜಿಲ್‌ನ ರಫಾಯೆಲ್ ಸಗುಲಾ ಒಂದು ಪುಟ್ಟ ತಂತ್ರಾಂಶ ಬರೆದಿದ್ದರು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರಿ ಅದನ್ನು ತೆಗೆದುಕೊಂಡು ದಿನದಿನದ ಕರೆನ್ಸಿ ದರವನ್ನು ತರಲು ಬಳಸತೊಡಗಿದರು. ಬೆಳೆಯುತ್ತಾ ಹೆಸರು ಬದಲಾಗುತ್ತಾ 1998ರ ಮಾರ್ಚ್ 20ರಂದು ಅದು ಕರ್ಲ್ ಆಯಿತು. ಇವತ್ತು ಕಾರು, ಟಿ.ವಿ., ಫೋನು ಎಲ್ಲದರ ಹೊಟ್ಟೆಯಲ್ಲೂ ಅದು ಇದೆ. ನನ್ನ ನೂರು ಸಾಲಿನ ಟೂಲಿನಲ್ಲೂ ನಿಜವಾಗಿ ಓಡಾಡುವ ಕಾಲು ಕರ್ಲ್‌ದೇ.

ಆದರೆ ಈ ಕರ್ಲ್, ಡಬ್ಲ್ಯುಗೆಟ್ ಎಲ್ಲ ಅಂಚೆಯವರ ಹಾಗೆ. ವಿಳಾಸ ಕೊಟ್ಟರೆ ಹೋಗುತ್ತವೆ. ತರುವುದು ಸುಲಭ, ವಿಳಾಸ ಗೊತ್ತುಮಾಡುವುದೇ ಕಷ್ಟ. ಈ ಫೈಲು ಯಾವ ಗೇಮು ಅಂತ ಗೊತ್ತಾಗದೆ ಅದರ ಮುಖಪುಟದ ವಿಳಾಸ ಕಟ್ಟೋದು ಹೇಗೆ? ಇದಕ್ಕೆ ಮೂರು ದಾರಿಗಳಿವೆ.

ಒಂದು, ನಂಬರು. ವಾಲ್ವ್ ಕಂಪನಿ 2003ರ ಸೆಪ್ಟೆಂಬರ್‌ನಲ್ಲಿ ಶುರುಮಾಡಿದ ಸ್ಟೀಮ್‌ನಲ್ಲಿ ಪ್ರತಿ ಗೇಮಿಗೂ ಒಂದು ಸಂಖ್ಯೆ ಇದೆ. ಕೌಂಟರ್ ಸ್ಟ್ರೈಕ್ 10, ಹಾಫ್ ಲೈಫ್ 70, ಹಾಫ್ ಲೈಫ್ ಎರಡು 220. ವಿಳಾಸದ ನಡುವೆ ಆ ಸಂಖ್ಯೆ ಇಟ್ಟರೆ ಚಿತ್ರ ಸಿಗುತ್ತಿತ್ತು. ಈಚಿನ ಗೇಮುಗಳಲ್ಲಿ ಈ ಸೀದಾ ದಾರಿ ಎಲ್ಲ ಸಲ ನಡೆಯಲ್ಲ, ಆದರೂ ಸಂಖ್ಯೆ ಮಾತ್ರ ಅದೇ.

ಎರಡು, ಹೆಸರು. ಹಳೇ ಗೇಮುಗಳಿಗಾಗಿ ಇರುವ ಲಿಬ್‌ರೆಟ್ರೋ ಬಳಗದ ಚಿತ್ರಕೋಶದಲ್ಲಿ ಪ್ರತಿ ಯಂತ್ರಕ್ಕೂ ಡಬ್ಬದ ಚಿತ್ರ, ಆಟದ ಚಿತ್ರ, ಶೀರ್ಷಿಕೆಯ ಚಿತ್ರ ಅಂತೆಲ್ಲ ಬೇರೆ ಬೇರೆ ಫೋಲ್ಡರುಗಳು. ಚಿತ್ರದ ಫೈಲಿನ ಹೆಸರು ಗೇಮಿನ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಹೆಸರಿನಲ್ಲಿ ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ ಇಂಥವು ಬಂದರೆ ಅದರ ಜಾಗದಲ್ಲಿ ಅಡಿಗೆರೆ ಇಡಬೇಕು. ಒಂದು ಸ್ಪೇಸ್ ಹೆಚ್ಚಾದರೂ ಬೂದು ಚೌಕ.

ಮೂರು, ಬೆರಳಚ್ಚು. ಫೈಲಿನ ಹೆಸರು ಏನಾದರೂ ಇರಲಿ, ಒಳಗಿನ ಒಂದೊಂದು ಬೈಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಒಂದು ಸಂಖ್ಯೆ ತೆಗೆಯುವುದು. ಇದರಲ್ಲಿ ಹೆಚ್ಚು ಬಳಕೆಯಲ್ಲಿರುವ ಸಿಆರ್‌ಸಿ ಲೆಕ್ಕವನ್ನು ವೆಸ್ಲಿ ಪೀಟರ್ಸನ್ 1961ರಲ್ಲಿ ಕೊಟ್ಟದ್ದು ತಂತಿಯಲ್ಲಿ ಹೋಗುವ ಮಾಹಿತಿ ಕೆಟ್ಟಿದೆಯಾ ಅಂತ ಪತ್ತೆ ಮಾಡೋಕೆ. ನಾಲ್ಕು ದಶಕ ಬಿಟ್ಟು ಕ್ಯಾಸೆಟ್ ಸಂಗ್ರಹಿಸುವ ಹುಚ್ಚರು ಅದನ್ನೇ ಗೇಮು ಗುರುತಿಸೋಕೆ ಬಳಸಿದರು. ನೋ ಇಂಟ್ರೋ ಅನ್ನುವ ಬಳಗ ಇಂಥ ಬೆರಳಚ್ಚುಗಳ ಪಟ್ಟಿಗಳನ್ನು ಯಂತ್ರವಾರು ಇಟ್ಟಿದೆ. ಡೆನ್ಮಾರ್ಕಿನ ಲಾರ್ಸ್ ಮುಲ್‌ಯೋರ್ಡ್ ಬರೆದ ಸ್ಕೈಸ್ಕ್ರೇಪರ್‌ನಂಥ ಕಮಾಂಡ್ ಲೈನ್ ಟೂಲುಗಳು ಬೆರಳಚ್ಚು, ಹೆಸರು ಎರಡನ್ನೂ ಬಳಸಿ ಹುಡುಕುತ್ತವೆ. ನನ್ನ ಟೂಲ್ ಇವುಗಳ ಬಡ ನೆಂಟ.

ನನ್ನ ಹನ್ನೊಂದು ಬೂದು ಚೌಕಗಳ ಗುಟ್ಟು ಇಲ್ಲೇ ಇತ್ತು. 1996ರ ಸುಮಾರಿಗೆ ಮರಾತ್ ಫೈಜುಲಿನ್ ಬರೆದ ಐನೆಸ್ ಅನ್ನುವ ಎಮ್ಯುಲೇಟರ್ ಪ್ರತಿ ಫೈಲಿನ ತಲೆಗೆ ಹದಿನಾರು ಬೈಟುಗಳ ಒಂದು ಪಟ್ಟಿ ಕಟ್ಟುವ ರೂಢಿ ತಂದಿತು. ಚಿಪ್ಪು ಎಷ್ಟು ದೊಡ್ಡದು, ಯಾವ ಜಾತಿ ಅಂತ ಹೇಳೋದಷ್ಟೇ ಅದರ ಕೆಲಸ. ಅದು ಕ್ಯಾಸೆಟ್ಟಿನಲ್ಲಿ ಇರೋದಲ್ಲ. ನಾನು ಅದನ್ನೂ ಸೇರಿಸಿ ಲೆಕ್ಕ ಹಾಕಿದ್ದೆ, ನನ್ನ ಹತ್ತಿರ ಇದ್ದ ಪಟ್ಟಿ ಅದನ್ನು ಬಿಟ್ಟು ಲೆಕ್ಕ ಹಾಕಿತ್ತು. ಟೋಪಿ ತೆಗೆಸದೆ ಫೋಟೋ ತೆಗೆದು ಗುರುತಿನ ಚೀಟಿಗೆ ಹೋಲಿಸಿದ ಹಾಗೆ!

ಹದಿನಾರು ಬೈಟು ಬಿಟ್ಟು ಮತ್ತೆ ಓಡಿಸಿದೆ. ಮೂರು ಚಿತ್ರ ಬಂದವು. ಎಂಟು ಹಾಗೇ ಬೂದು.

*

ಆ ಮೂರನ್ನು ಸಂಭ್ರಮದಿಂದ ಅಣ್ಣನಿಗೆ ಕಳಿಸಿದೆ. ಅವನ ಉತ್ತರ ಬಂತು: "ಇದು ಯಾವ್ದೋ ಇದು? ನಮ್ದಲ್ಲ ಬಿಡು."

ಅವುಗಳಲ್ಲಿ ಒಂದು ಕಾಂಟ್ರಾ. ನಾವೆಲ್ಲ ಮೂವತ್ತು ಜೀವಕ್ಕೆ ಬಟನ್ ಒತ್ತಿ ಒತ್ತಿ ಆಡಿದ ಅದೇ ಕಾಂಟ್ರಾ. ಟೂಲ್ ತಂದದ್ದು 1988ರ ಅಮೆರಿಕದ ಡಬ್ಬದ ಚಿತ್ರ. ಬ್ರಿಟನ್ನಿನ ಬಾಬ್ ವೇಕ್‌ಲಿನ್ ಬಿಡಿಸಿದ್ದು, ಅದನ್ನೇ ಮೊದಲು ಅಲ್ಲಿನ ಗಣಕಗಳಿಗೆ ಗ್ರೈಜೋರ್ ಅನ್ನುವ ಹೆಸರಲ್ಲಿ ಬಂದ ಇದೇ ಗೇಮಿಗೆ ಬಳಸಿದ್ದರು. ಯುರೋಪಿನಲ್ಲಿ ನಿಂಟೆಂಡೋ ಯಂತ್ರಕ್ಕೆ ಬಂದಾಗ ಸಿಪಾಯಿಗಳನ್ನು ತೆಗೆದು ರೋಬಾಟುಗಳನ್ನು ಹಾಕಿ ಪ್ರೊಬೊಟೆಕ್ಟರ್ ಅಂತ ಹೆಸರಿಟ್ಟರು, ಡಬ್ಬವೂ ಬೇರೆ. ಜಪಾನಿನದು ಇನ್ನೊಂದು. ಒಂದೇ ಗೇಮು, ಎಷ್ಟು ಹೆಸರು, ಎಷ್ಟು ಮುಖ! ಟೂಲುಗಳು ಇಂಥಲ್ಲಿ ದೇಶದ ಆದ್ಯತೆ ಕೇಳುತ್ತವೆ: ಮೊದಲು ಅಮೆರಿಕವೋ, ಯುರೋಪೋ, ಜಪಾನೋ? ನಾನು ಬರೆದ ಟೂಲಿನಲ್ಲೂ ಆ ಮೂರೇ ಇದ್ದವು. ಶಿರಾಳಕೊಪ್ಪ ಅನ್ನುವ ಆಯ್ಕೆ ನನಗೇ ಹೊಳೆದಿರಲಿಲ್ಲ ನೋಡಿ.

ಅಣ್ಣ ಹೇಳಿದ್ದು ಸರಿ. ಆ ಡಬ್ಬ ನಮ್ಮೂರಿಗೆ ಯಾವತ್ತೂ ಬರಲಿಲ್ಲ. ಟೂಲ್ ತಪ್ಪು ಮಾಡಿರಲಿಲ್ಲ, ಆದರೂ ಅದು ತಂದದ್ದು ನಮ್ಮ ಮುಖಪುಟ ಅಲ್ಲ.

ದೊಡ್ಡ ಕಂಪನಿಗಳ ಲೈಬ್ರರಿಯಲ್ಲೂ ಈ ಬೂದು ಚೌಕದ ಕತೆ ಆಗಿದೆ. ಸ್ಟೀಮ್‌ನ ಹಳೇ ಚಿತ್ರಗಳು ಅಡ್ಡ ಪಟ್ಟಿಗಳು, 460ಕ್ಕೆ 215 ಪಿಕ್ಸೆಲ್. 2019ರ ಅಕ್ಟೋಬರ್‌ನಲ್ಲಿ ಲೈಬ್ರರಿಯನ್ನು ಹೊಸದಾಗಿ ಕಟ್ಟಿದಾಗ ಉದ್ದುದ್ದ ನಿಲ್ಲುವ 600ಕ್ಕೆ 900ರ ಚಿತ್ರ ಬೇಕಾಯ್ತು. ಮಾಡಿದವರು ಮುಚ್ಚಿಹೋದ ಕಂಪನಿಯವರಾದರೆ ಹೊಸ ಚಿತ್ರ ಕೊಡೋರು ಯಾರು? ಆ ಜಾಗಗಳನ್ನು ತುಂಬಿದ್ದು ಸ್ಟೀಮ್‌ಗ್ರಿಡ್‌ಡಿಬಿಯಂಥ ಕಡೆ ಸಂಬಳ ಇಲ್ಲದೆ ಕೆಲಸ ಮಾಡಿದ ಆಟಗಾರರು. ಅಂದರೆ ಟೂಲಿನ ಹಿಂದೆ ಯಾವಾಗಲೂ ಒಬ್ಬ ಮನುಷ್ಯ ಕೂತು ಹೆಸರು ಬರೆದು ಚಿತ್ರ ಅಂಟಿಸಿರುತ್ತಾನೆ. ಅವನು ಕೂರದ ಕಡೆ ಖಾಲಿ.

*

ಇಲ್ಲಿಗೆ ಬಂದಾಗ ನನಗೆ ನಮ್ಮೂರಿನ ಕಲ್ಲುಗಳು ನೆನಪಾದವು. ನಗಬೇಡಿ, ಸಂಬಂಧ ಇದೆ.

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ದೇವಸ್ಥಾನದ ಅಂಗಳ, ಕೆರೆ ಏರಿ ಎಲ್ಲಿ ನೋಡಿದರೂ ಶಾಸನ, ವೀರಗಲ್ಲು. ತೊಗರ್ಸಿಯ ಮಲ್ಲಿಕಾರ್ಜುನ ದೇವಸ್ಥಾನದ ಹತ್ತಿರ ಆಡುವಾಗ ನಾವು ಅದರ ಮೇಲೆ ಅಂಗಿ ಬಿಚ್ಚಿ ಇಡುತ್ತಿದ್ದೆವು. ವೀರಗಲ್ಲು ಅಂದರೆ ಏನು? ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ, ಮಧ್ಯದ ಪಟ್ಟಿಯಲ್ಲಿ ಯಾರು, ಯಾವಾಗ, ಯಾಕೆ ಸತ್ತ ಅನ್ನುವ ಬರಹ. ಚಿತ್ರವೂ ಹೆಸರೂ ಒಂದೇ ಕಲ್ಲಿನಲ್ಲಿ!

ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಈ ಕಲ್ಲುಗಳನ್ನೆಲ್ಲ ಪಟ್ಟಿ ಮಾಡಿಸಿದರು. ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು. 1902ರ ಏಳನೇ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕು, 1904ರ ಎಂಟನೆಯದರಲ್ಲಿ ಸೊರಬ. ಅವರು ಮಾಡಿದ ಒಂದು ಸರಳ ಕೆಲಸ ನೋಡಿ: ತಾಲ್ಲೂಕಿನ ಹೆಸರು, ಪಕ್ಕದಲ್ಲಿ ಒಂದು ನಂಬರು. ಕದಂಬರ ಕತೆ ಹೇಳುವ ತಾಳಗುಂದದ ಸ್ತಂಭಶಾಸನ 'ಶಿಕಾರಿಪುರ 176'. ಊರಿನ ಹೆಸರನ್ನು ಒಬ್ಬರು ಸ್ಥಾನಕುಂದೂರು ಅನ್ನಲಿ, ಇನ್ನೊಬ್ಬರು ತಾಳಗುಂದ ಅನ್ನಲಿ, 176 ಅಂದರೆ ಅದೇ ಕಂಬ. ನೂರು ವರ್ಷ ಕಳೆದರೂ ಸಂಶೋಧಕರು ಆ ನಂಬರಿನಿಂದಲೇ ಅದನ್ನು ಹುಡುಕುತ್ತಾರೆ. ಸ್ಟೀಮ್‌ನ 220 ಮಾಡುವ ಕೆಲಸ ಇದೇ ತಾನೇ?

ಪಟ್ಟಿಯಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಅಂತಲೂ ಅಲ್ಲ. ಅದೇ ತಾಳಗುಂದದಲ್ಲಿ 2013ರ ಉತ್ಖನನದಲ್ಲಿ ಸಿಂಹಕಟಾಂಜನ ಶಾಸನ ಸಿಕ್ಕಿತು. ಹಲ್ಮಿಡಿಗಿಂತ ಹಳೆಯದು, ಕ್ರಿ.ಶ. 370ರ ಹೊತ್ತಿನದು ಅನ್ನುವ ವಾದ ಇದೆ. ರೈಸ್ ಅವರ ಪಟ್ಟಿಯಲ್ಲಿ ಅದಿಲ್ಲ, ಅವರ ಕಾಲದಲ್ಲಿ ಅದು ಮಣ್ಣಿನಡಿ ಇತ್ತು. ಕಲ್ಲು ಮಾತ್ರ ಅಲ್ಲೇ ಇತ್ತು.

ನಮ್ಮ ಪುಸ್ತಕಗಳ ಕತೆಯೂ ಇದೇ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿ ಕೂತಿದ್ದವು. ಆದರೆ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಮನಸ್ಸಿಗೆ ಬಂದ ಸ್ಪೆಲ್ಲಿಂಗಿನಲ್ಲಿ. ಕನ್ನಡದಲ್ಲಿ ಹುಡುಕಿದರೆ ಏನೂ ಇಲ್ಲ. ಸಂಚಯ ಬಳಗದವರು 'ಪುಸ್ತಕ ಸಂಚಯ' ಕಟ್ಟಿ, ಸ್ವಯಂಸೇವಕರಿಂದ ಆ ಹೆಸರುಗಳನ್ನು ಕನ್ನಡಕ್ಕೆ ತಂದ ಮೇಲೆ ಪುಸ್ತಕಗಳು ನಮ್ಮ ಕೈಗೆ ಸಿಕ್ಕವು. ಸ್ಕ್ಯಾನ್ ಮಾಡಿದ್ದು ಯಂತ್ರ, ಸಿಗುವ ಹಾಗೆ ಮಾಡಿದ್ದು ಹೆಸರು ಬರೆದವರು.

*

ಉಳಿದ ಎಂಟಕ್ಕೆ ಬೆರಳಚ್ಚಿನ ಪಟ್ಟಿಯಲ್ಲಿ ಹೆಸರಿಲ್ಲ. ಎಲ್ಲೋ ಒಂದು ಕಾರ್ಖಾನೆಯಲ್ಲಿ ನಾಲ್ಕಾರು ಗೇಮು ಬೆರಸಿ, ಮೆನು ಕಟ್ಟಿ, ಕಪ್ಪು ಬೊಟ್ಟು ಹಾಕಿ ಕಳಿಸಿದ ನಕಲಿ ಮಾಲು. ಅದಕ್ಕೆ ಡಬ್ಬವೂ ಇಲ್ಲ, ಕಲಾವಿದನೂ ಇಲ್ಲ. ಬೇರೆ ಗೇಮಿನ ಯಾವುದೋ ಚಿತ್ರ ಹಾಕಿ ಮುಗಿಸೋಣ ಅಂತ ಯೋಚಿಸುತ್ತಾ ಡಬ್ಬವನ್ನು ಇನ್ನೊಮ್ಮೆ ತೆಗೆದೆ.

ಅಷ್ಟು ದಿನ ನಾನು ಕ್ಯಾಸೆಟ್ಟುಗಳ ಪಿನ್ನುಗಳನ್ನೇ ನೋಡಿದ್ದೆ. ಈಗ ತಿರುಗಿಸಿ ಬೆನ್ನು ನೋಡಿದೆ. ಪ್ರತಿಯೊಂದರ ಮೇಲೂ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರಿನ ಒಂದು ತುಂಡು. ಅದರ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ದೊಡ್ಡಪ್ಪನ ಗುಂಡು ಅಕ್ಷರ. '1. ಇಬ್ಬರು ಸಿಪಾಯಿ'. '2. ಆಮೆ'. '3. ಜೀಪು'. '4. ಎಲ್ಲಾ ಸೇರಿದ್ದು (ಹಳೇದು)'. '7. ಹಕ್ಕಿ ಹೊಡೆಯೋದು, ಬಂದೂಕು ಬೇರೆ ಕೇಳುವುದು'...

ದೊಡ್ಡಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಆದರೆ ಗೇಮಿನ ಹೆಸರುಗಳ ಮೇಲೆ ನಂಬಿಕೆ ಇರಲಿಲ್ಲ. ಲೇಬಲ್ ಸುಳ್ಳು ಹೇಳುತ್ತದೆ ಅಂತ ಅವರಿಗೆ ಗೊತ್ತಿತ್ತಲ್ಲ! ಹಾಗಾಗಿ ಪ್ರತಿಯೊಂದನ್ನೂ ಅಂಗಡಿಯ ಟಿ.ವಿ.ಗೆ ಹಾಕಿ, ಕಂಡದ್ದನ್ನು ಬರೆದಿದ್ದರು. ಅಣ್ಣನಿಗೆ ಫೋನ್ ಮಾಡಿದೆ. "ಹೌದೋ, ಬಾಡಿಗೆ ಲೆಕ್ಕದ ಪುಸ್ತಕದಾಗೂ ಅದೇ ನಂಬರೇ ಐತಿ. ಯಾವ ಹುಡುಗ ಯಾವ ನಂಬರ್ ಒಯ್ದ ಅಂತ ಅಪ್ಪ ಬರೀತಿದ್ದ್ರು" ಅಂದ. ಪುಸ್ತಕದ ಫೋಟೋ ಕಳಿಸಿದ. ಒಂದರಿಂದ ಹನ್ನೊಂದು, ಸಾಲಾಗಿ.

ನಾನು ಅಮೆರಿಕ, ಡೆನ್ಮಾರ್ಕ್ ಅಂತ ಹುಡುಕುತ್ತಿದ್ದ ಪಟ್ಟಿ ಅಟ್ಟದ ಮೇಲೇ ಇತ್ತು.

ಟೂಲಿಗೆ ಒಂದು ನಾಲ್ಕನೇ ದಾರಿ ಸೇರಿಸಿದೆ. ಹನ್ನೊಂದು ಸಾಲಿನ ಒಂದು ಪಠ್ಯ ಕಡತ: ಎಡಗಡೆ ಬೆರಳಚ್ಚು, ಬಲಗಡೆ 'ತೊಗರ್ಸಿ 1', 'ತೊಗರ್ಸಿ 2', ಪಕ್ಕದಲ್ಲಿ ದೊಡ್ಡಪ್ಪ ಇಟ್ಟ ಹೆಸರು. (ರೈಸ್ ಸಾಹೇಬರ ಪದ್ಧತಿಯನ್ನು ನಿಯತ್ತಾಗಿ ಕದ್ದಿದ್ದೇನೆ.) ಮುಖಪುಟಕ್ಕೆ ಕ್ಯಾಸೆಟ್ಟಿನ ಬೆನ್ನಿನ ಫೋಟೋ, ಪ್ಲಾಸ್ಟರ್ ಸಮೇತ. ದೇಶದ ಆದ್ಯತೆಯಲ್ಲಿ ಮೊದಲು ತೊಗರ್ಸಿ, ಆಮೇಲೆ ಉಳಿದ ಲೋಕ. ಒಂದು ತರಲೆ ಬಂತು: ವಿಳಾಸದೊಳಗೆ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಯೂ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ, 'ಜೀಪು' ಅನ್ನುವ ಪುಟ್ಟ ಹೆಸರು ಮೂವತ್ತಾರು ಅಕ್ಷರ ಆಯ್ತು. ಕರ್ಲ್ ತಕರಾರಿಲ್ಲದೆ ಹೊತ್ತು ತಂದಿತು.

ಯುಗಾದಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪನ್ನು ಟಿ.ವಿ.ಗೆ ಸಿಕ್ಕಿಸಿದೆ. ಹನ್ನೊಂದು ಚೌಕಗಳು, ಒಂದೂ ಬೂದು ಇಲ್ಲ. ಅಣ್ಣನ ಮಗಳಿಗೆ ಗೇಮಿನ ಮೇಲೆ ಅಂಥ ಆಸಕ್ತಿ ಏನಿರಲಿಲ್ಲ, ಅವಳ ಫೋನಿನಲ್ಲಿ ಇದಕ್ಕಿಂತ ಚಂದದವು ಇವೆ. ದೊಡ್ಡಮ್ಮ ಮಾತ್ರ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದವರು ಪರದೆಯ ಹತ್ತಿರ ನಿಂತು ಒಂದೊಂದನ್ನೇ ಓದಿದರು. "ಆಮೆ... ಜೀಪು... ಇವ್ರ ಅಕ್ಷರ ಇದು" ಅಂದರು. ಆಮೇಲೆ, "ಐದನೇದ್ರಲ್ಲಿ ಏನೋ ಅಳಿಸೈತಲ್ಲ, ಅದು 'ಲಾರಿ' ಅಂತ. ಅದನ್ನ ತಗೊಂಡು ಹೋದ ಹುಡುಗ ಎರಡು ತಿಂಗಳು ವಾಪಸ್ ಕೊಟ್ಟಿರ್ಲಿಲ್ಲ" ಅಂದರು.

ಐದನೇ ಸಾಲು ತಿದ್ದಿದೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದು ಡಬ್ಬ ಇದ್ದೀತು. ಕ್ಯಾಸೆಟ್ಟೋ, ಸಿ.ಡಿ.ಯೋ, ಹಾಡಿನ ಟೇಪೋ. ಪಿನ್ನು ಒರೆಸುವ ಮೊದಲು ಬೆನ್ನು ತಿರುಗಿಸಿ ನೋಡಿ. ಯಾರೋ ಏನಾದರೂ ಬರೆದಿದ್ದರೆ ಒಂದು ಫೋಟೋ ತೆಗೆದು, ನಿಮ್ಮೂರಿನ ಹೆಸರು ಹಾಕಿ ಒಂದು ನಂಬರು ಕೊಟ್ಟುಬಿಡಿ. ಅದನ್ನು ಓದಿ ಹೇಳುವವರು ಮನೆಯಲ್ಲಿ ಇರುವಾಗಲೇ ಮಾಡಿ.